ಪ್ಲಾಸ್ಮಾ ದೀಪ: ನಮ್ಮ ಬೀದಿಗೆ ಎಲ್‌ಇಡಿ ಬದಲು ಇದು ಬೇಕಾ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಲ್ಲಿ ಬೀದಿ ದೀಪ ಉರಿಸುವುದು ಸ್ಥಳೀಯ ಸಂಸ್ಥೆಗಳ ಕಡ್ಡಾಯ ಕೆಲಸ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಹಾಗೆ ಹೇಳುತ್ತದೆ. ಅಂದಮೇಲೆ ಯಾವ ದೀಪ ಅನ್ನೋದು ನಮ್ಮ ತೆರಿಗೆ ದುಡ್ಡಿನ ಪ್ರಶ್ನೆಯೂ ಹೌದು. ಎಲ್‌ಇಡಿ ಬೇಗ ಕೆಟ್ಟು ಇ-ಕಸವಾಗುತ್ತದೆ, ಪ್ಲಾಸ್ಮಾ ದೀಪವೇ ಪರಿಸರಸ್ನೇಹಿ ಎಂಬ ವಾದ ಇದೆ. ಅದು ನಿಜವಾ?

ಪ್ಲಾಸ್ಮಾ ಅಂದ್ರೆ?

ಅನಿಲಕ್ಕೆ ಸಾಕಷ್ಟು ಶಕ್ತಿ ಕೊಟ್ಟರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ಆ ಸ್ಥಿತಿಯೇ ಪ್ಲಾಸ್ಮಾ. ಚಾರ್ಮಾಡಿ ಮೇಲೆ ಹೊಡೆಯುವ ಮಿಂಚು ಪ್ಲಾಸ್ಮಾ. ಹಳೇ ಟ್ಯೂಬ್‌ಲೈಟ್, ಸೋಡಿಯಂ ದೀಪದೊಳಗಿನದ್ದೂ ಅದೇ. ಎಲ್‌ಇಡಿಗೆ ಬದಲಿ ಎಂದು ಹೇಳುವುದು ಇವುಗಳಲ್ಲೇ ಒಂದು ಬಗೆಯನ್ನು. ಸಣ್ಣ ಕ್ವಾರ್ಟ್ಜ್ ಬುರುಡೆಯಲ್ಲಿ ಗಂಧಕ, ಆರ್ಗಾನ್ ಇರುತ್ತವೆ. ಓವನ್‌ನಲ್ಲಿರುವಂಥದ್ದೇ ಮ್ಯಾಗ್ನೆಟ್ರಾನ್ ಹೊರಗಿನಿಂದ ಮೈಕ್ರೋವೇವ್ ಹರಿಸಿ ಅದನ್ನು ಬೆಳಗಿಸುತ್ತದೆ. ಬುರುಡೆಯೊಳಗೆ ತಂತಿ ಇಲ್ಲ, ಪಾದರಸವೂ ಇಲ್ಲ. ಬೆಳಕು ಹಗಲಿನ ಬೆಳಕಿಗೆ ಹತ್ತಿರ.

ಇದು ಹೊಸದೂ ಅಲ್ಲ. 1994ರಲ್ಲೇ ಅಮೆರಿಕದ ಇಂಧನ ಇಲಾಖೆ ವಾಷಿಂಗ್ಟನ್‌ನ ತನ್ನ ಕಚೇರಿ ಮುಂದೆ ಇಂಥ ಎರಡು ದೀಪ ಹಾಕಿ, 240 ಪಾದರಸ ದೀಪಗಳನ್ನು ತೆಗೆದಿತ್ತು. ಆಗ ಅದು ದೊಡ್ಡ ಸುದ್ದಿ.

ಲೆಕ್ಕ ಹಾಕಿ ನೋಡಿ

ಆ ಕಾಲದ ಮುಖ್ಯ ಮಾದರಿ 1,425 ವ್ಯಾಟ್ ತಿಂದು 1,35,000 ಲ್ಯೂಮೆನ್ ಬೆಳಕು ಕೊಡುತ್ತಿತ್ತು, ಅಂದರೆ ವ್ಯಾಟ್‌ಗೆ ಸುಮಾರು 95. ಇಂದಿನ ಒಳ್ಳೆ ಎಲ್‌ಇಡಿ ಬೀದಿ ದೀಪ 130 ಲ್ಯೂಮೆನ್ ಕೊಡುತ್ತದೆ. ಅಷ್ಟೇ ಬೆಳಕಿಗೆ ಎಲ್‌ಇಡಿಗೆ ಸುಮಾರು 1,040 ವ್ಯಾಟ್ ಸಾಕು.

ಇನ್ನೊಂದು ತೊಡಕು ಗಾತ್ರದ್ದು. ಪೇಟೆ ಬೀದಿಯ ಕಂಬಕ್ಕೆ ಬೇಕಿರುವುದು ನೂರು ವ್ಯಾಟ್‌ನೊಳಗಿನ ದೀಪ. ಮ್ಯಾಗ್ನೆಟ್ರಾನ್ ದೀಪ ಅಷ್ಟು ಸಣ್ಣದಾಗಿ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಬುರುಡೆ ಬಾಳಿದರೂ ಮ್ಯಾಗ್ನೆಟ್ರಾನ್ ಸವೆಯುತ್ತದೆ, ಅದೂ ಇ-ಕಸವೇ. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳದಂಥ ರಾತ್ರಿಯಿಡೀ ನಡೆಯುವ ಓಟಕ್ಕೆ ಎತ್ತರದ ಕಂಬದಲ್ಲಿ ಹೊಂದಬಹುದಿತ್ತು ಅನ್ನಿಸುತ್ತದೆ. ಆದರೆ ಕರೆಂಟ್ ಹೋಗಿ ಬಂದರೆ ಬಿಸಿ ಬುರುಡೆ ತಣಿದು ಮತ್ತೆ ಹೊತ್ತಿಕೊಳ್ಳಲು ಕೆಲ ನಿಮಿಷ ಬೇಕು. ಕೋಣ ಕರೆಯಲ್ಲಿರುವಾಗ ಅಷ್ಟು ಹೊತ್ತು ಕತ್ತಲಾದರೆ ಹೇಗೆ ಮಾರಾಯ್ರೆ?

ಹಾಗಾದರೆ ಎಲ್‌ಇಡಿ ಯಾಕೆ ಕೆಡುತ್ತದೆ?

ದೂರು ಸುಳ್ಳಲ್ಲ. ಆದರೆ ಸಾಮಾನ್ಯವಾಗಿ ಮೊದಲು ಸಾಯುವುದು ಬೆಳಕು ಕೊಡುವ ಚಿಪ್ ಅಲ್ಲ, ಅದಕ್ಕೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್. ಶಾಖಕ್ಕೆ ಅದರ ಕೆಪಾಸಿಟರ್ ಒಣಗುತ್ತದೆ, ಒಳಗೆ ಮಳೆನೀರು ಇಳಿಯುತ್ತದೆ. ಏಪ್ರಿಲ್-ಮೇಯ ಗುಡುಗು ಮಳೆಗೆ ಲೈನಿನಲ್ಲಿ ವೋಲ್ಟೇಜ್ ಚಿಮ್ಮಿ ಬೋರ್ಡ್ ಸುಡುತ್ತದೆ. ಕವಚ ಅಂಟು ಹಾಕಿ ಮುಚ್ಚಿದ್ದರೆ 200 ರೂಪಾಯಿಯ ಭಾಗಕ್ಕೆ ಇಡೀ ದೀಪವೇ ಗುಜರಿಗೆ.

ಆದ್ದರಿಂದ ಕೇಳಬೇಕಾದ್ದು ಟೆಂಡರ್ ಷರತ್ತುಗಳನ್ನು:

- ಡ್ರೈವರ್ ಬಿಚ್ಚಿ ಬದಲಿಸುವಂತಿರಬೇಕು.
- 10 ಕಿಲೋವೋಲ್ಟ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಬೇಕು, ಕಂಬಕ್ಕೆ ಸರಿಯಾದ ಅರ್ಥಿಂಗ್ ಇರಬೇಕು.
- ಬೆಳಕು 3,000 ಕೆಲ್ವಿನ್ ದಾಟಬಾರದು. ಬೆಳ್ತಂಗಡಿಯ ಕಾಡಂಚಿನಲ್ಲಿ ನೀಲಿ ಹೆಚ್ಚಿದ ಬಿಳಿ ಬೆಳಕು ಹುಳುಹುಪ್ಪಟೆಗಳನ್ನು ಜಾಸ್ತಿ ಸೆಳೆಯುತ್ತದೆ.
- ಐದು ವರ್ಷದ ವಾರಂಟಿ, ಕೆಟ್ಟದ್ದನ್ನು ವಾಪಸ್ ಒಯ್ಯುವ ಹೊಣೆ ಗುತ್ತಿಗೆದಾರನದ್ದೇ.

ಆರ್‌ಟಿಐ ಅರ್ಜಿ ಹಾಕಿದರೆ ಟೆಂಡರ್ ಪ್ರತಿ ಸಿಗುತ್ತದೆ. ನಿಮ್ಮ ವಾರ್ಡ್ ಸದಸ್ಯರ ಮುಂದೆ ಅದನ್ನಿಟ್ಟು ಈ ನಾಲ್ಕು ಸಾಲು ಎಲ್ಲಿವೆ ಅಂತ ಕೇಳಿ. ದುರಸ್ತಿ ಆಗುವ ದೀಪಕ್ಕಿಂತ ಪರಿಸರಸ್ನೇಹಿ ದೀಪ ಸದ್ಯಕ್ಕೆ ಇನ್ನೊಂದಿಲ್ಲ.