ಲಗಾಶದ ಧಾನ್ಯದಿಂದ ಮನೆಯ ಡೆಸ್ಕ್‌ಟಾಪಿನವರೆಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ನಮ್ಮಂಥವರಿಗೆ ಒಂದು ಹೆಚ್ಚುವರಿ ಕೆಲಸ ಸೇರಿಕೊಳ್ಳುತ್ತದೆ. "ಮಾಷ್ಟ್ರೇ, ಮಗನಿಗೆ ಕಂಪ್ಯೂಟರ್ ಬೇಕಂತೆ. ಯಾವುದು ತೆಗೆಯುವುದು?" ಎಂದು ಹೆತ್ತವರು ಕೇಳುತ್ತಾರೆ. ಓದಿಗೆ ಎಂದು ಅಪ್ಪ ಅಮ್ಮ ಹೇಳುತ್ತಾರೆ, ಹುಡುಗನ ಮನಸ್ಸಿನಲ್ಲಿ ಇರುವುದು ಬೇರೆ. ಇಂಡೋನೇಷ್ಯಾದ ಬಸ್ ಆಟಕ್ಕೆ ನಮ್ಮ ಕೆಎಸ್‌ಆರ್‌ಟಿಸಿಯ ಬಣ್ಣ ಹಚ್ಚಿ ಫೋನಿನಲ್ಲಿ ಓಡಿಸಿದವರಿವರು. ಇನ್ನು ಅವರಿಗೆ ದೊಡ್ಡ ಪರದೆಯಲ್ಲಿ ವಿಮಾನ ಹಾರಿಸಬೇಕು, ಲಾರಿ ಓಡಿಸಬೇಕು, ಊರು ಕಟ್ಟಬೇಕು. ಆಗ ಏಳುವ ಪ್ರಶ್ನೆಗಳು ಎರಡು. ಆಟಕ್ಕೆ ಇಷ್ಟು ಹಣ ಹಾಕುವುದು ಸರಿಯೇ? ಹಾಕುವುದಾದರೆ ಯಾವ ಭಾಗಕ್ಕೆ ಹಾಕಬೇಕು? ಅಡಿಕೆ ಮಾರಿ ಬಂದ ಹಣವಾಗಲಿ, ಬ್ಯಾಂಕಿನಲ್ಲಿ ಚಿನ್ನ ಇಟ್ಟು ತಂದ ಹಣವಾಗಲಿ, ಐದಾರು ವರ್ಷಕ್ಕೊಮ್ಮೆ ಮಾಡುವ ಖರ್ಚಿದು. ಹಾಗಾಗಿ ಎರಡೂ ಪ್ರಶ್ನೆಗಳಿಗೆ ಚರಿತ್ರೆಯಲ್ಲೇ ಉತ್ತರ ಹುಡುಕೋಣ ಬನ್ನಿ.

ಸಿಮ್ಯುಲೇಷನ್ ಆಟ ಎಂದರೆ ನಿಜ ಲೋಕದ ಒಂದು ವ್ಯವಸ್ಥೆಯನ್ನು ಲೆಕ್ಕದ ರೂಪದಲ್ಲಿ ಕಟ್ಟಿ, ಅದನ್ನು ಕ್ಷಣಕ್ಷಣಕ್ಕೂ ನಡೆಸುವ ಆಟ. ವಿಮಾನವಾದರೆ ಗಾಳಿ, ತೂಕ, ವೇಗ. ಪಟ್ಟಣವಾದರೆ ತೆರಿಗೆ, ರಸ್ತೆ, ಕರೆಂಟು, ಜನ. ಈ ಒಂದು ಮಾತು ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ಆಟ ಬರೆದವರು ಟೀಚರಮ್ಮ

ಈ ಚರಿತ್ರೆ ಆರಂಭವಾಗುವುದು ತರಗತಿಯಲ್ಲಿ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮೇಬಲ್ ಆಡಿಸ್ ಎಂಬ ಪ್ರಾಥಮಿಕ ಶಾಲಾ ಶಿಕ್ಷಕಿ 1964ರ ಹೊತ್ತಿಗೆ 'ಸುಮೇರಿಯನ್ ಗೇಮ್' ಎಂಬ ಆಟವನ್ನು ರೂಪಿಸಿದರು. ಐಬಿಎಂ ಕಂಪೆನಿಯ ಸಹಯೋಗದ ಯೋಜನೆಯದು. ಆರನೆಯ ತರಗತಿಯ ಮಕ್ಕಳು ಪ್ರಾಚೀನ ಮೆಸಪೊಟೇಮಿಯಾದ ಲಗಾಶ ಎಂಬ ನಗರದ ದೊರೆಗಳಾಗಿ, ಬೆಳೆದ ಧಾನ್ಯದಲ್ಲಿ ಎಷ್ಟು ಊಟಕ್ಕೆ, ಎಷ್ಟು ಬಿತ್ತನೆಗೆ, ಎಷ್ಟು ಉಗ್ರಾಣಕ್ಕೆ ಎಂದು ತೀರ್ಮಾನಿಸಬೇಕಿತ್ತು. ತಪ್ಪಿದರೆ ಜನ ಹಸಿವಿನಿಂದ ಸಾಯುತ್ತಿದ್ದರು. ಆಗ ಚಿತ್ರವೂ ಇಲ್ಲ, ಪರದೆಯೂ ಇಲ್ಲ. ಟೈಪ್‌ರೈಟರಿನಂಥ ಯಂತ್ರ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು, ಮಕ್ಕಳು ಅಂಕಿ ಒತ್ತಿ ಉತ್ತರಿಸುತ್ತಿದ್ದರು. ಲೆಕ್ಕ ಮಾಡುತ್ತಿದ್ದುದು ಕೋಣೆ ತುಂಬುವ ದೊಡ್ಡ ಗಣಕಯಂತ್ರ.

ಏಳು ವರ್ಷಗಳ ನಂತರ, 1971ರ ಡಿಸೆಂಬರಿನಲ್ಲಿ, ಮಿನಿಯಾಪೊಲಿಸ್ ನಗರದಲ್ಲಿ ಡಾನ್ ರಾವಿಟ್ಷ್ ಎಂಬ ಶಿಕ್ಷಕ ತರಬೇತಿಯ ವಿದ್ಯಾರ್ಥಿ ತನ್ನ ಚರಿತ್ರೆ ಪಾಠಕ್ಕಾಗಿ 'ಒರೆಗಾನ್ ಟ್ರೇಲ್' ಆಟವನ್ನು ತಂದರು. ಜೊತೆಗಾರರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲ್ಲೆನ್‌ಬರ್ಗರ್ ಎರಡು ವಾರದಲ್ಲಿ ಬೇಸಿಕ್ ಭಾಷೆಯಲ್ಲಿ ಅದನ್ನು ಬರೆದಿದ್ದರು. ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೊರಟವರ ಕಥೆ ಅದು. ಎತ್ತಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು ಎಂದು ಹಣ ಹಂಚಿಕೊಂಡು ಹೊರಡಬೇಕು. ಆ ಸೆಮಿಸ್ಟರಿನ ಪಾಠ ಮುಗಿದಾಗ ರಾವಿಟ್ಷ್ ಯಂತ್ರದಿಂದ ಆಟವನ್ನು ಅಳಿಸಿ, ಅದರ ಅಚ್ಚುಪ್ರತಿಯನ್ನು ಮಾತ್ರ ಮನೆಗೆ ಒಯ್ದರು. 1974ರಲ್ಲಿ ಮಿನ್ನೆಸೋಟದ ಶಾಲಾ ಗಣಕ ಸಂಸ್ಥೆ ಸೇರಿದ ಮೇಲೆ ಅದನ್ನೇ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ಅಲ್ಲಿಂದ ಅದು ಅಮೆರಿಕದ ಎಷ್ಟೋ ಶಾಲೆಗಳನ್ನು ತಲುಪಿತು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಈ ಬಗೆಯ ಆಟಗಳ ಬೇರು ಇರುವುದು ಶಾಲೆಯಲ್ಲಿ. ಎಲ್ಲ ಆಟವೂ ವಿದ್ಯೆ ಎಂದು ನಾವು ಹೇಳುವುದಿಲ್ಲ. ಆದರೆ ಊರು ಕಟ್ಟಿ ತೆರಿಗೆ ಸರಿದೂಗಿಸುವ ಹುಡುಗನನ್ನು "ಬರೀ ಆಟ" ಎಂದು ಬೈಯುವ ಮೊದಲು ಒಂದು ಗಳಿಗೆ ಅವನ ಪಕ್ಕದಲ್ಲಿ ಕೂತು ನೋಡಿ.

ವಿಮಾನಕ್ಕಾಗಿ ಹುಟ್ಟಿದ ಸ್ಮೃತಿ

ಇನ್ನೊಂದು ಬೇರು ಮಿಲಿಟರಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾದಳಕ್ಕೆ ವಿಮಾನ ಚಾಲಕರ ತರಬೇತಿಗೆ ಒಂದು ಅನುಕರಣ ಯಂತ್ರ ಬೇಕಾಗಿತ್ತು. ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ತಂಡ ಆ ಕೆಲಸ ಹಿಡಿಯಿತು. ಚಾಲಕ ಹಿಡಿಕೆ ತಿರುಗಿಸಿದ ಕ್ಷಣದಲ್ಲೇ ಉತ್ತರ ಬರಬೇಕು, ನಾಳೆ ಬಂದರೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ವೇಗದ ಗಣಕಯಂತ್ರವೇ 'ವರ್ಲ್‌ವಿಂಡ್'. ಕೊನೆಗೆ ಅನುಕರಣ ಯಂತ್ರದ ಯೋಜನೆ ಬದಿಗೆ ಸರಿದು ಗಣಕವೇ ಮುಖ್ಯವಾಯಿತು. ಆಗಿನ ಸ್ಮೃತಿಕೋಶಗಳು ನಿಧಾನ, ನಂಬಿಕೆಗೂ ಅರ್ಹವಲ್ಲ. ಅದಕ್ಕಾಗಿ 1953ರಲ್ಲಿ ಸಣ್ಣ ಸಣ್ಣ ಅಯಸ್ಕಾಂತ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ಹೊಸ ಸ್ಮೃತಿಯನ್ನು ಇದರಲ್ಲಿ ಜೋಡಿಸಿದರು. ಅದರ ಒಂದು ಕಟ್ಟಿನಲ್ಲಿ ಹಿಡಿಯುತ್ತಿದ್ದುದು 16 ಬಿಟ್ಟಿನ 1,024 ಪದಗಳು, ಅಂದರೆ ಬರೀ ಎರಡು ಕಿಲೋಬೈಟ್! ಮುಂದೆ ಸುಮಾರು ಎರಡು ದಶಕ ಲೋಕದ ಗಣಕಗಳೆಲ್ಲ ಇಂಥ ಸ್ಮೃತಿಯ ಮೇಲೆಯೇ ನಡೆದವು.

ಇದೇ ಫಾರೆಸ್ಟರ್ ಆಮೇಲೆ ಕಾರ್ಖಾನೆ, ಪಟ್ಟಣಗಳ ಏಳುಬೀಳನ್ನು ಗಣಕದಲ್ಲಿ ನಡೆಸಿ ನೋಡುವ ಶಾಸ್ತ್ರ ಕಟ್ಟಿದರು. 1969ರಲ್ಲಿ ಪಟ್ಟಣಗಳ ಬಗ್ಗೆ 'ಅರ್ಬನ್ ಡೈನಾಮಿಕ್ಸ್' ಎಂಬ ಪುಸ್ತಕ ಬಂತು. ಅದನ್ನು ಓದಿದವರಲ್ಲಿ ವಿಲ್ ರೈಟ್ ಎಂಬ ಆಟಗಾರಿಕೆಯ ಯುವಕನೊಬ್ಬ. 1984ರಲ್ಲಿ ಬಾಂಬು ಹಾಕುವ ಆಟವೊಂದನ್ನು ಮಾಡುವಾಗ, ದ್ವೀಪಗಳ ಮೇಲೆ ಬಾಂಬು ಹಾಕುವುದಕ್ಕಿಂತ ಅವುಗಳಲ್ಲಿ ರಸ್ತೆ, ಕಟ್ಟಡ ಜೋಡಿಸುವುದೇ ಅವನಿಗೆ ಹೆಚ್ಚು ಖುಷಿ ಕೊಟ್ಟಿತ್ತು. 1989ರಲ್ಲಿ 'ಸಿಮ್‌ಸಿಟಿ' ಹೊರಬಂದದ್ದು ಹೀಗೆ. ಗೆಲುವು ಸೋಲು ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂದು ಮೊದಲು ಪ್ರಕಾಶಕರು ಹಿಂಜರಿದಿದ್ದರು. ವಿಮಾನದ ಅನುಕರಣೆಯಿಂದ ಹೊರಟ ದಾರಿ ಪಟ್ಟಣದ ಅನುಕರಣೆಗೆ ಬಂದು ಸೇರಿತು ನೋಡಿ.

ಯಂತ್ರದ ಪರೀಕ್ಷಕನಾದ ಆಟ

ಐಬಿಎಂ ಪಿಸಿ ಪೇಟೆಗೆ ಬಂದದ್ದು 1981ರಲ್ಲಿ. ಮರುವರ್ಷವೇ ಬ್ರೂಸ್ ಆರ್ಟ್‌ವಿಕ್ ರೂಪಿಸಿದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂತು. ಅದು ಡಾಸ್‌ನ ಹಂಗಿಲ್ಲದೆ, ತನ್ನದೇ ಫ್ಲಾಪಿಯಿಂದ ಎದ್ದು, ನೇರವಾಗಿ ಯಂತ್ರದ ಭಾಗಗಳೊಡನೆ ಮಾತಾಡುತ್ತಿತ್ತು. ಬೇರೆ ಕಂಪೆನಿಗಳು "ಇದೂ ಐಬಿಎಂನಂತೆಯೇ" ಎಂದು ಅಗ್ಗದ ಯಂತ್ರಗಳನ್ನು ತಂದಾಗ ಅವನ್ನು ಪರೀಕ್ಷಿಸುವ ಸುಲಭ ದಾರಿ ಯಾವುದಿತ್ತು ಗೊತ್ತೇ? ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಮತ್ತು ಈ ವಿಮಾನದ ಆಟ. ಎರಡೂ ಓಡಿದರೆ ಯಂತ್ರ ಪಾಸು! ಇಂದು ನಾವು ಬೇರೆ ಬೇರೆ ಕಂಪೆನಿಯ ಭಾಗಗಳನ್ನು ತಂದು ಮಂಗಳೂರಿನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಜೋಡಿಸಿಕೊಳ್ಳುವ ಡೆಸ್ಕ್‌ಟಾಪು ಆ 'ಅದರಂತೆಯೇ' ಯಂತ್ರಗಳ ಸಂತಾನವೇ.

2006ರ ಪಾಠ

ಇಲ್ಲಿಂದ ಎರಡನೆಯ ಪ್ರಶ್ನೆ. 2006ರ ಅಕ್ಟೋಬರಿನಲ್ಲಿ ಇದೇ ಆಟದ ಹತ್ತನೆಯ ಆವೃತ್ತಿ ಬಂತು. ಆವರೆಗೆ ಪ್ರೊಸೆಸರಿನ ವೇಗ, ಅಂದರೆ ಗಿಗಾಹರ್ಟ್ಸ್, ವರ್ಷ ವರ್ಷ ಏರುತ್ತಲೇ ಇತ್ತು, ಇನ್ನೂ ಏರುತ್ತದೆ ಎಂಬ ಭರವಸೆಯಲ್ಲೇ ಆಟ ಕಟ್ಟಿದ್ದರು. ಆದರೆ ಬಿಸಿ ತಡೆಯಲಾಗದೆ ಇಂಟೆಲ್ 2004ರಲ್ಲೇ 4 ಗಿಗಾಹರ್ಟ್ಸಿನ ಪೆಂಟಿಯಂ 4 ಅನ್ನು ಕೈಬಿಟ್ಟಿತ್ತು, 2006ರ ಜುಲೈಯಲ್ಲಿ ಎರಡು ಕೋರಿನ 'ಕೋರ್ 2 ಡ್ಯುಯೋ' ತಂದಿತ್ತು. ಆಟ ಮಾತ್ರ ಹೆಚ್ಚಿನ ಕೆಲಸವನ್ನು ಒಂದೇ ಕೋರಿನ ಮೇಲೆ ಹೇರುತ್ತಿತ್ತು. ದುಬಾರಿ ಯಂತ್ರಗಳೂ ಏದುಸಿರು ಬಿಟ್ಟವು. ಹಲವು ಕೋರುಗಳಿಗೆ ಕೆಲಸ ಹಂಚುವ ತಿದ್ದುಪಡಿ 2007ರಲ್ಲಿ ಬಂತು.

ಕೋರು ಹೆಚ್ಚಾದರೆ ಕೆಲಸ ಬೇಗ ಮುಗಿಯಬೇಕಲ್ಲ ಎಂದು ನೀವು ಕೇಳಬಹುದು. ಗದ್ದೆಯಲ್ಲಿ ನೇಜಿ ನೆಡಲು ಹತ್ತು ಜನ ಬಂದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಉಳುಮೆಯಾಗದೆ ನೆಡಲಾಗದು, ನೀರು ನಿಲ್ಲದೆ ಉಳಲಾಗದು. ಒಂದರ ನಂತರ ಒಂದು ಆಗಲೇಬೇಕಾದ ಕೆಲಸಕ್ಕೆ ಜನ ಹೆಚ್ಚಿದ್ದು ಫಲವಿಲ್ಲ. ಈ ಮಿತಿಯನ್ನು ಜೀನ್ ಆಮ್ದಾಲ್ 1967ರಲ್ಲೇ ತೋರಿಸಿದ್ದರು. ಸಿಮ್ಯುಲೇಷನ್ನಿನಲ್ಲಿ ಇಂಥ ಸರದಿ ಲೆಕ್ಕ ಬಹಳ. ಸಂಚಾರದ ಸ್ಥಿತಿ ತಿಳಿಯದೆ ಅಂಗಡಿಗೆ ಸರಕು ತಲುಪಿತೋ ಗೊತ್ತಾಗದು, ಸರಕು ತಿಳಿಯದೆ ತೆರಿಗೆ ಗೊತ್ತಾಗದು.

ಫಿನ್ಲೆಂಡಿನ ಹತ್ತು ಹನ್ನೆರಡು ಜನರ ಕಂಪೆನಿಯೊಂದು 2015ರಲ್ಲಿ ತಂದ 'ಸಿಟೀಸ್: ಸ್ಕೈಲೈನ್ಸ್' ಆಟದಲ್ಲಿ ಒಂದು ಹೊತ್ತಿಗೆ ಬೀದಿಯಲ್ಲಿ ಓಡಾಡುವ ಜನರ ಮಿತಿ 65,536. ಗಣಿತದ ಮಾಷ್ಟ್ರುಗಳಿಗೆ ಈ ಸಂಖ್ಯೆ ಹೊಸತಲ್ಲ, ಎರಡರ ಹದಿನಾರನೆಯ ಘಾತ! ಇಷ್ಟು ಜನರ ದಾರಿಯನ್ನು ಹುಡುಕುವುದು ಪ್ರೊಸೆಸರು. ಗ್ರಾಫಿಕ್ಸ್ ಕಾರ್ಡಿನ ಕೆಲಸ ಅವರನ್ನು ಪರದೆಯ ಮೇಲೆ ಬಿಡಿಸುವುದು ಮಾತ್ರ. ಹಾಗೆಂದು ಕಾರ್ಡೇ ಬೇಡವೆನ್ನಲಾಗದು. 2023ರಲ್ಲಿ ಬಂದ ಇದರ ಎರಡನೆಯ ಭಾಗ ಚಿತ್ರ ಬಿಡಿಸುವುದರಲ್ಲೇ ಎಡವಿ, ಒಳ್ಳೆಯ ಕಾರ್ಡುಗಳನ್ನೂ ಮಂಡಿಯೂರಿಸಿತು.

ಒಗ್ಗರಣೆ ಡಬ್ಬಿಯ ಲೆಕ್ಕ

2022ರ ಏಪ್ರಿಲಿನಲ್ಲಿ ಎಎಂಡಿ ಕಂಪೆನಿ ರೈಜನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರ್ ತಂದಿತು. ಅದರ ಗಿಗಾಹರ್ಟ್ಸ್ ಅದೇ ಸಾಲಿನ ಹಳೆಯ ಅಣ್ಣನಿಗಿಂತ ಕಡಿಮೆ. ಆದರೆ ಒಳಗಿನ ಕ್ಯಾಶೆ ಸ್ಮೃತಿ 32ರ ಬದಲು 96 ಎಂಬಿ. ಫ್ಲೈಟ್ ಸಿಮ್ಯುಲೇಟರ್, ಫ್ಯಾಕ್ಟೋರಿಯೊದಂಥ ಆಟಗಳಲ್ಲಿ ಅದು ಅಣ್ಣನನ್ನು ಹಿಂದೆ ಹಾಕಿತು. ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಕ್ಯಾಶೆ ಎಂದರೆ ಒಲೆಯ ಪಕ್ಕದ ಒಗ್ಗರಣೆ ಡಬ್ಬಿ. ರ್‍ಯಾಮ್ ಎಂದರೆ ಗೋಡೆಯ ಕಪಾಟು. ಎಸ್‌ಎಸ್‌ಡಿ ಎಂದರೆ ಅಟ್ಟ. ಸಾಸಿವೆಗೆ ಪ್ರತಿಸಲ ಅಟ್ಟ ಹತ್ತುವವರ ಕೈ ಎಷ್ಟು ಚುರುಕಾಗಿದ್ದರೇನು, ಎಣ್ಣೆ ಸೀಯುತ್ತದೆ! ಸಾವಿರಾರು ವಸ್ತುಗಳ ಸ್ಥಿತಿಯನ್ನು ಸೆಕೆಂಡಿಗೆ ಹಲವು ಸಲ ತಿರುವಿ ನೋಡುವ ಆಟಕ್ಕೆ ಡಬ್ಬಿಯೂ ಕಪಾಟೂ ದೊಡ್ಡದಿರಬೇಕು. 2020ರ ಫ್ಲೈಟ್ ಸಿಮ್ಯುಲೇಟರಿಗೆ 16 ಜಿಬಿ ರ್‍ಯಾಮ್ ಶಿಫಾರಸು ಮಾಡಿದ್ದರು, 2024ರದಕ್ಕೆ ಅದು 32 ಜಿಬಿ. ವರ್ಲ್‌ವಿಂಡಿನ ಎರಡು ಕಿಲೋಬೈಟ್ ಎಲ್ಲಿ, ಇದೆಲ್ಲಿ!

ಹಣ ಎಲ್ಲಿಗೆ ಹಾಕಬೇಕು?

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ದೀಪ ಮಿನುಗುವ ಪೆಟ್ಟಿಗೆ ಮತ್ತು ದೊಡ್ಡ ಗ್ರಾಫಿಕ್ಸ್ ಕಾರ್ಡು. ಗುಂಡು ಹಾರಿಸುವ ಆಟಗಳಿಗೆ ಆ ಲೆಕ್ಕ ಸರಿಯಿರಬಹುದು. ನಮ್ಮ ಹುಡುಗರ ಆಟಕ್ಕೆ ಮೇಲಿನ ಚರಿತ್ರೆ ಹೇಳುವ ಸರದಿ ಬೇರೆ.

ಮೊದಲು ಪ್ರೊಸೆಸರ್. ಹಳೆಯ ತಲೆಮಾರಿನ ಹತ್ತು ಹನ್ನೆರಡು ಕೋರಿಗಿಂತ ಈಚಿನ ತಲೆಮಾರಿನ ಆರು ಕೋರು ಮೇಲು. ಒಂದೊಂದು ಕೋರಿನ ಚುರುಕು, ಕ್ಯಾಶೆಯ ಗಾತ್ರ, ಇವೆರಡನ್ನು ಕೇಳಿ. ಎರಡನೆಯದು ರ್‍ಯಾಮ್. 16 ಜಿಬಿಗೆ ಕಡಿಮೆ ಬೇಡ. ಒಂದೇ ಪಟ್ಟಿಯ ಬದಲು 8ರ ಎರಡು ಪಟ್ಟಿ ಹಾಕಿಸಿದರೆ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಮಾಹಿತಿ ಬರುತ್ತದೆ. ಮದರ್‌ಬೋರ್ಡಿನಲ್ಲಿ ನಾಲ್ಕು ಜಾಗ ಇದ್ದರೆ ಮುಂದೆ 32ಕ್ಕೆ ಏರಿಸಬಹುದು. 2025ರ ಕೊನೆಯಲ್ಲಿ ಎಐ ಡೇಟಾ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮಿನ ಬೆಲೆ ಒಮ್ಮೆಲೇ ಏರಿತ್ತು. ಹೀಗಾಗುವುದುಂಟೆಂದೇ ಖಾಲಿ ಜಾಗಕ್ಕೆ ಬೆಲೆ. ಮೂರನೆಯದು ಎಸ್‌ಎಸ್‌ಡಿ, ಆದರೆ 1 ಟಿಬಿ. 2020ರ ವಿಮಾನದ ಆಟವೊಂದೇ ಸುಮಾರು 150 ಜಿಬಿ ಜಾಗ ಕೇಳಿತ್ತು. ಇಷ್ಟಾದ ಮೇಲೆ ಉಳಿದ ಹಣಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು. 1080 ಗೆರೆಯ ಸಾಮಾನ್ಯ ಪರದೆಗೆ 8 ಜಿಬಿಯ ಮಧ್ಯಮ ಕಾರ್ಡು ಸಾಕು. ವಿಮಾನದ ಆಟವೇ ಮುಖ್ಯವಾದರೆ ಮಾತ್ರ ಇಲ್ಲಿ ಸ್ವಲ್ಪ ಕೈ ಬಿಚ್ಚಬಹುದು.

ಎರಡು ಕಡೆ ಉಳಿತಾಯ ಮಾಡಲೇಬೇಡಿ. ಒಂದು, ಪವರ್ ಸಪ್ಲೈ. '80 ಪ್ಲಸ್' ಗುರುತು ಇರುವ, ಹೆಸರುಳ್ಳ ಕಂಪೆನಿಯದೇ ಇರಲಿ. ಇನ್ನೊಂದು, ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್. ನಮ್ಮೂರಿನ ಮಳೆಗಾಲದ ಸಿಡಿಲು ಯಾವ ಪ್ರೊಸೆಸರಿಗೂ ಹೆದರುವುದಿಲ್ಲ. ಗುಡುಗು ಕೇಳಿದರೆ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡುವ ಅಭ್ಯಾಸ ಮಕ್ಕಳಿಗೆ ಆಗಲಿ.

ಇಷ್ಟೂ ಕೈಗೆ ಎಟುಕದ ಮನೆಗಳು ನಮ್ಮಲ್ಲಿ ಬಹಳ ಇವೆ. ಅವರಿಗೂ ಬಾಗಿಲು ಮುಚ್ಚಿಲ್ಲ. ಕೇರಳದ ಶಾಲೆಗಳು ಐಟಿ@ಸ್ಕೂಲ್ ಕಾಲದಿಂದಲೂ ಮುಕ್ತ ತಂತ್ರಾಂಶದ ದಾರಿ ಹಿಡಿದಿರುವುದರಿಂದ ನಮ್ಮ ಮಕ್ಕಳಿಗೆ ಲಿನಕ್ಸ್ ಹೊಸತೇನಲ್ಲ. 1996ರಲ್ಲಿ ಯೋಜನೆಯಾಗಿ ಆರಂಭವಾದ ಫ್ಲೈಟ್‌ಗಿಯರ್, 2004ರಲ್ಲಿ ಹುಟ್ಟಿದ ಓಪನ್‌ಟಿಟಿಡಿ ಎಂಬ ರೈಲು ಬಸ್ಸಿನ ಆಟ, ಎರಡೂ ಉಚಿತ. ಮೊದಲಿನ ಸಿಮ್‌ಸಿಟಿಯೇ 2008ರಲ್ಲಿ 'ಮೈಕ್ರೊಪೊಲಿಸ್' ಎಂಬ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಯಿತು. ಮಕ್ಕಳಿಗಾಗಿ ಮಾಡಿದ ಅಗ್ಗದ ಲ್ಯಾಪ್‌ಟಾಪ್ ಯೋಜನೆಯ ಸಲುವಾಗಿಯೇ ಅದನ್ನು ಬಿಟ್ಟುಕೊಟ್ಟದ್ದು. ಓಪನ್‌ಟಿಟಿಡಿ ಮತ್ತು ಮೈಕ್ರೊಪೊಲಿಸ್‌ಗೆ ಕಚೇರಿಗಳಿಂದ ಬರುವ ಹಳೆಯ ಡೆಸ್ಕ್‌ಟಾಪೂ ಸಾಕು.

ಅಂಗಡಿಗೆ ಹೊರಡುವ ಮೊದಲು ಮಗುವಿನಿಂದಲೇ ಒಂದು ಕೆಲಸ ಮಾಡಿಸಿ. ತನಗೆ ಬೇಕಾದ ಮೂರು ಆಟಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ತಯಾರಕರು ಹೇಳಿದ ಪ್ರೊಸೆಸರ್, ರ್‍ಯಾಮ್, ಜಾಗ, ಕಾರ್ಡು ಯಾವುವೆಂದು ಪಟ್ಟಿ ಮಾಡಲಿ. 'ಕನಿಷ್ಠ' ಎಂಬ ಸಾಲನ್ನು ಬಿಟ್ಟು 'ಶಿಫಾರಸು' ಎಂಬ ಸಾಲನ್ನು ಹಿಡಿಯಲಿ. ಮನೆಯಲ್ಲಿರುವ ಹಣವನ್ನು ಆ ಪಟ್ಟಿಯ ಮೇಲೆ ಅವನೇ ಹಂಚಿ ತೋರಿಸಲಿ. ಲಗಾಶದ ದೊರೆಗಳಾಗಿದ್ದ ಆರನೆಯ ತರಗತಿಯ ಮಕ್ಕಳು ಧಾನ್ಯಕ್ಕೆ ಮಾಡಿದ್ದು ಇದೇ ಲೆಕ್ಕವನ್ನು.