ಲ್ಯಾಮಿಂಗ್ಟನ್ ರಸ್ತೆಯ ಫ್ರೀಡಾಸ್: ಮುಂಬಯಿಯಲ್ಲಿ ಹಳೆಯ ಕಮಾಂಡ್ ತಂತ್ರಾಂಶಗಳ ಪಾಡು

ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಗೆ ಈಗಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಕಂಪ್ಯೂಟರ್ ಬಿಡಿಭಾಗಗಳ ಈ ಪೇಟೆಯಲ್ಲಿ ‘ಡಾಸ್ ಲ್ಯಾಪ್‌ಟಾಪ್’ ಎಂದರೆ ವಿಂಡೋಸ್ ಇಲ್ಲದ, ಅಷ್ಟರ ಮಟ್ಟಿಗೆ ಅಗ್ಗವಾದ ಯಂತ್ರ. ಅದರೊಳಗಿರುವ, ಕಮಾಂಡ್ ಕೊಟ್ಟು ನಡೆಸುವ ಹಳೆಯ ಡಾಸ್ ಕಾರ್ಯಾಚರಣ ವ್ಯವಸ್ಥೆಯ ಮುಕ್ತ ರೂಪವಾದ ಫ್ರೀಡಾಸನ್ನು ಕೊಂಡವರು ಸಾಮಾನ್ಯವಾಗಿ ತೆರೆದೂ ನೋಡದೆ ಅಳಿಸಿಹಾಕುತ್ತಾರೆ. ಡಾಸ್ ಇಲ್ಲದೆ ನಡೆಯದ ಲೆಕ್ಕದ ತಂತ್ರಾಂಶವನ್ನು ನೆಚ್ಚಿಕೊಂಡ ವ್ಯಾಪಾರಿಗೆ ಅದೇ ಫ್ರೀಡಾಸ್ ಬೇಕಿತ್ತು. ಅವನಿಗೆ ಅದನ್ನು ಹೇಳುವವರು ಕಡಿಮೆ. ಈ ನಗರದಲ್ಲಿ ಫ್ರೀಡಾಸ್ ಹರಡಿದ್ದು ಬೆಲೆಪಟ್ಟಿಯ ಮೂಲಕ ಎಂಬುದು ನನ್ನ ವಾದ.

ಮೈಕ್ರೋಸಾಫ್ಟ್ ಡಾಸನ್ನು ಕೈಬಿಡಲಿದೆ ಎಂದು ಸ್ಪಷ್ಟವಾದಾಗ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿವರ್ ಫಾಲ್ಸ್ ಕ್ಯಾಂಪಸ್ಸಿನ ಭೌತಶಾಸ್ತ್ರ ವಿದ್ಯಾರ್ಥಿ ಜಿಮ್ ಹಾಲ್ 1994ರ ಜೂನ್ 29ರಂದು ಮುಕ್ತ ಡಾಸ್ ಒಂದರ ಯೋಜನೆ ಸಾರಿದರು; ಅದೇ ಮುಂದೆ ಫ್ರೀಡಾಸ್ ಆಯಿತು. ಪ್ಯಾಟ್ ವಿಲಾನಿ ವ್ಯವಸ್ಥೆಯ ತಿರುಳಾದ ಕರ್ನಲ್ ಕೊಟ್ಟರು, ಟಿಮ್ ನಾರ್ಮನ್ ಕಮಾಂಡ್ ಓದುವ ಭಾಗ ಬರೆದರು. 1.0 ಆವೃತ್ತಿ ಬರುವಷ್ಟರಲ್ಲಿ 2006ರ ಸೆಪ್ಟೆಂಬರ್ ಆಗಿತ್ತು. ಮುಂಬಯಿಯ ಅಂಗಡಿ, ಗೋದಾಮು, ಲೆಕ್ಕಪರಿಶೋಧಕರ ಕಚೇರಿಗಳು ಆ ಹೊತ್ತಿಗೆ ಬಹುಪಾಲು ವಿಂಡೋಸ್‌ಗೆ ಹೋಗಿಯಾಗಿತ್ತು.

ಹಾಗೆಂದು ಹಳೆಯ ತಂತ್ರಾಂಶ ಸತ್ತಿರಲಿಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ ಪ್ಯೂಟ್ರಾನಿಕ್ಸ್ ಕಂಪನಿಯ ಲೆಕ್ಕದ ತಂತ್ರಾಂಶ ಟ್ಯಾಲಿ ಮೊದಲು ಡಾಸ್‌ನಲ್ಲೇ ಓಡುತ್ತಿತ್ತು. ವಿಂಡೋಸ್‌ಗೆ ಅದು ತಾನೇ ದಾಟಿಕೊಂಡಿತು. ದಾಟಲಾಗದೆ ಉಳಿದದ್ದು ದತ್ತಾಂಶ ನಿರ್ವಹಣೆಯ ಡಿಬೇಸ್, ಫಾಕ್ಸ್‌ಪ್ರೋಗಳಲ್ಲಿ ಒಬ್ಬೊಬ್ಬರೇ ಕೂತು ಬರೆದುಕೊಟ್ಟ ಬಿಲ್ಲಿನ, ದಾಸ್ತಾನಿನ, ಸಂಬಳದ ಪ್ರೋಗ್ರಾಮುಗಳು. ಬರೆದವನು ಸಿಗುವುದಿಲ್ಲ, ಮೂಲ ಕೋಡ್ ಇಲ್ಲ, ಆದರೆ ಬಿಲ್ಲು ಹರಿಯುತ್ತಲೇ ಇದೆ. ತಂತ್ರಜ್ಞಾನದ ಇತಿಹಾಸಕಾರರು ಈ ಹೆಸರಿಲ್ಲದ ಕೆಲಸವನ್ನು ಗಮನಿಸಿದ್ದು ಏನೇನೂ ಸಾಲದು.

ಈ ಪ್ರೋಗ್ರಾಮುಗಳಿಗೆ ಪೆಟ್ಟು ಬಿದ್ದದ್ದು ಪ್ರೊಸೆಸರಿನಿಂದ. 64 ಬಿಟ್ ಮೋಡಿನಲ್ಲಿ ಓಡುವ ಪ್ರೊಸೆಸರಿನಲ್ಲಿ ಡಾಸ್ ಪ್ರೋಗ್ರಾಮುಗಳಿಗೆ ಬೇಕಾದ ವರ್ಚುವಲ್ 8086 ಸೌಲಭ್ಯ ಸಿಗದು. ಹೀಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪದರವೇ ಇಲ್ಲ. 2021ರ ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಬರಲಿಲ್ಲ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಮುಕ್ತ ತಂತ್ರಾಂಶವೇನೋ ಹೌದು, ಆದರೆ ಅದನ್ನು ಕಟ್ಟಿದ್ದು ಆಟಗಳಿಗಾಗಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮೂರು ಪ್ರತಿ ಬಿಲ್ಲು ತೆಗೆಯುವವನ ಚಿಂತೆ ಅದರದ್ದಲ್ಲ. ನಿಜವಾದ ಡಾಸೇ ಬೇಕೆಂದಾಗ ಫ್ರೀಡಾಸ್ ಕೈಗೆ ಬರುತ್ತದೆ. ಅದಕ್ಕೆ ಯಂತ್ರವನ್ನು ಎಬ್ಬಿಸುವ ಹಳೆಯ ಬಯಾಸ್ ಇರಬೇಕು ಎಂಬುದು ತೊಡಕು. ಬಯಾಸ್ ಬದಲು ಬಂದ ಯುಇಎಫ್‌ಐ ಮಾತ್ರ ಇರುವ ಹೊಸ ಯಂತ್ರದಲ್ಲಿ ಅದು ನೇರವಾಗಿ ಏಳುವುದಿಲ್ಲ. ಫ್ರೀಡಾಸ್ ಹೆಸರಿನಲ್ಲಿ ಮಾರಾಟವಾದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಏಳುವುದು ಲಿನಕ್ಸ್, ಅದರೊಳಗಿನ ವರ್ಚುವಲ್ ಯಂತ್ರದಲ್ಲಿ ಫ್ರೀಡಾಸ್! ಬೆಲೆ ಇಳಿಸಲು ಇಷ್ಟೆಲ್ಲ ಸರ್ಕಸ್ಸು.

ಭಾರತೀಯ ಭಾಷೆಗಳ ಮಾತು ಬಂದರೆ ಫ್ರೀಡಾಸ್ ಒಂದರಿಂದಲೇ ಕೆಲಸ ಆಗದು. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಒಂದು ಕಾರ್ಡಿನ ರೂಪದಲ್ಲಿ ಬಂತು. ಮದರ್‌ಬೋರ್ಡಿಗೆ ಅದನ್ನು ಸಿಕ್ಕಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ಗಳ ಪರದೆಯಲ್ಲಿ ಮರಾಠಿ, ಕನ್ನಡ ಮೂಡುತ್ತಿದ್ದವು. ಅಕ್ಷರ ಬಿಡಿಸುವ ಜಾಣತನ ಕಾರ್ಡಿನದ್ದು. ಕಾರ್ಯಾಚರಣ ವ್ಯವಸ್ಥೆಗೆ ಅದರ ಸುಳಿವೂ ಇರಲಿಲ್ಲ. ಜುಹೂವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಇಂಡಿಕ್ಸ್ ಯೋಜನೆಯಲ್ಲಿ ಭಾರತೀಯ ಲಿಪಿಗಳನ್ನು ಲಿನಕ್ಸ್‌ಗೇ ಕಲಿಸಲು ಹೊರಟಿದ್ದು ಇದಕ್ಕೆ ಪೂರ್ತಿ ಬೇರೆಯಾದ ದಾರಿ.

ಆದ್ದರಿಂದ ಜಿಸ್ಟ್ ಕಾಲದ ಕಡತದಲ್ಲಿ ಉಳಿಸಬಹುದಾದದ್ದು ಮುಖ್ಯವಾಗಿ ದತ್ತಾಂಶ. ಡಿಬೇಸ್ ಕಡತವನ್ನು ಇಂದಿನ ಲಿಬ್ರೆಆಫೀಸ್ ತೆರೆಯುತ್ತದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ 1991ರ ಇಸ್ಕಿ ಮಾನಕದಲ್ಲಿರುವ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವ ಮುಕ್ತ ಸಾಧನಗಳೂ ಇವೆ. ಆ ಪ್ರೋಗ್ರಾಮು ಆ ಪರದೆಯಲ್ಲೇ ಓಡಬೇಕು ಎನ್ನುವವರು ಫ್ರೀಡಾಸ್ ಜೊತೆಗೆ ಕಾರ್ಡನ್ನೂ ಅದು ಕೂರುವ ಸ್ಲಾಟ್ ಇರುವ ಹಳೆಯ ಮದರ್‌ಬೋರ್ಡನ್ನೂ ಹುಡುಕಬೇಕು.