ಸಾಂಬ್ರಾಕ್ಕೆ ಒಂದು ತಾಸು, ಮೂಡಲಗಿಗೆ ಎಷ್ಟು?

ಬೆಂಗಳೂರಿನಿಂದ ಬೆಳಗಾವಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಫೋನಿನಲ್ಲಿ ಹುಡುಕಿದರೆ ಥಟ್ಟನೆ ಉತ್ತರ ಸಿಗುತ್ತೆ: ನೇರ ಗೆರೆಯಲ್ಲಿ ಸುಮಾರು 445 ಕಿ.ಮೀ., ಒಂದು ತಾಸಿನ ಮೇಲೆ ಸ್ವಲ್ಪ. ರಸ್ತೆಯಲ್ಲಾದರೆ 500 ಕಿ.ಮೀ. ಹತ್ತಿರ, ಒಂದು ಇಡೀ ರಾತ್ರಿ. ಲೆಕ್ಕ ಮುಗೀತು ಅನ್ಸುತ್ತೆ. ಆದರೆ ಮನೆ ಮೂಡಲಗಿಯಲ್ಲಿದ್ದರೆ ಲೆಕ್ಕ ಶುರುವಾಗೋದೇ ಇಲ್ಲಿಂದ.

ಬೆಳಗಾವಿ ವಿಮಾನ ನಿಲ್ದಾಣ ಇರೋದು ಸಾಂಬ್ರಾದಲ್ಲಿ. ಅದನ್ನು ನಮ್ಮ ಓಡಾಟಕ್ಕೆಂದು ಕಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರ ವಾಯುಪಡೆ ತರಬೇತಿಗೆ ಮಾಡಿಕೊಂಡ ಜಾಗ ಅದು. ಸ್ವಾತಂತ್ರ್ಯದ ನಂತರ ಭಾರತೀಯ ವಾಯುಪಡೆ ಅಲ್ಲಿ ನೆಲೆಯೂರಿತು. ಜನಸಾಮಾನ್ಯರ ಸರದಿ ನಿಧಾನವಾಗಿ ಬಂತು. ರನ್‌ವೇಯನ್ನು 1,830 ಮೀಟರಿನಿಂದ 2,300 ಮೀಟರಿಗೆ ಉದ್ದ ಮಾಡಿ, ಹೊಸ ಟರ್ಮಿನಲ್ ಉದ್ಘಾಟಿಸಿದ್ದು 2017ರ ಸೆಪ್ಟೆಂಬರಿನಲ್ಲಿ. ಅಂದ್ರೆ ಯುದ್ಧದ ರನ್‌ವೇಗೆ ಮುಕ್ಕಾಲು ಶತಮಾನ ತುಂಬಿದ ವರ್ಷ!

ಇಷ್ಟರಲ್ಲಿ ಹಾರಾಟದ ಹೊತ್ತು ಏನೂ ಭಾರೀ ಬದಲಾಗಿಲ್ಲ. ರೆಕ್ಕೆ ತಿರುಗಿಸುವ ಎಟಿಆರ್ ತಾಸಿಗೆ 500 ಕಿ.ಮೀ. ಆಸುಪಾಸು ಹೋಗುತ್ತೆ, ಜೆಟ್ 800. ಆದರೂ ಇಷ್ಟು ಸಣ್ಣ ದಾರಿಯಲ್ಲಿ ಏರೋದು, ಇಳಿಯೋದು, ರನ್‌ವೇವರೆಗೆ ತೆವಳೋದು ಇವೇ ಬಹಳ ಹೊತ್ತು ತಿಂದುಬಿಡುತ್ತವೆ. ಹಾಗಾಗಿ ಜೆಟ್ ಹತ್ತಿದರೂ ಉಳಿಯೋದು ಕೆಲವೇ ನಿಮಿಷ. ಬದಲಾದದ್ದು ನೆಲದ ಮೇಲಿನ ದಾರಿ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯ್ತು. ಜಯನಗರದವನಿಗೆ ಬೆಳಗಾವಿ ಅವತ್ತೇ ಒಂದಿಷ್ಟು ದೂರವಾಯ್ತು.

ಇನ್ನೊಂದು ಲೆಕ್ಕ ಯಾರೂ ಹೇಳಲ್ಲ: ಕಾಯುವ ಹೊತ್ತು. ಉಡಾನ್ ಯೋಜನೆಯಲ್ಲಿ ಸುಮಾರು 500 ಕಿ.ಮೀ. ಅಥವಾ ಒಂದು ತಾಸಿನ ಹಾರಾಟಕ್ಕೆ, ಅರ್ಧದಷ್ಟು ಸೀಟುಗಳಿಗೆ, 2,500 ರೂಪಾಯಿ ಮಿತಿ ಇಟ್ಟರು. 2018ರಲ್ಲಿ ಆ ಯೋಜನೆ ಹುಬ್ಬಳ್ಳಿಗೆ ಬಂದಾಗ ಸಾಂಬ್ರಾದ ಕೆಲವು ವಿಮಾನಗಳು ಅತ್ತ ಹೊರಟುಹೋದವು. 2019ರ ಜನವರಿಯಲ್ಲಿ ಬೆಳಗಾವಿಗೂ ಉಡಾನ್ ಸಿಕ್ಕಿತು, ಮತ್ತೆ ವಿಮಾನಗಳು ಬಂದವು. ದೂರ ಅಷ್ಟೇ ಇತ್ತು, ಆದರೆ ವಿಮಾನ ಇಲ್ಲದ ದಿನ ಒಂದು ತಾಸಿನ ಹಾರಾಟಕ್ಕೆ ಅರ್ಥವೇ ಇಲ್ಲ.

ಇದು ನನಗೆ ಗೊತ್ತಾದದ್ದು ಒಂದು ರಾತ್ರಿ. ಎಂಟು ಗಂಟೆಗೆ ಕಾಕಾ ಫೋನ್ ಮಾಡಿದ್ರು: "ಮುತ್ಯಾಗ ಆರಾಮಿಲ್ಲೋ, ಲಗೂನ ಬಾ." ಮುಂದಿನ ವಿಮಾನ ಮರುದಿನ ಮಧ್ಯಾಹ್ನ. ಮನೆಯಿಂದ ದೇವನಹಳ್ಳಿಗೆ ಎರಡು ತಾಸು, ಅಲ್ಲಿ ಕಾಯೋದು ಒಂದೂವರೆ, ಹಾರಾಟ ಒಂದೂಕಾಲು, ಸಾಂಬ್ರಾದಿಂದ ಗೋಕಾಕ ದಾಟಿ ಮೂಡಲಗಿಗೆ ಇನ್ನೆರಡು ತಾಸು. ಮನೆ ಮುಟ್ಟುವಾಗ ಸಂಜೆ. ಘಟಪ್ರಭಾದಲ್ಲಿ ಇಳಿಸುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೂ ಮಧ್ಯಾಹ್ನದ ಹೊತ್ತು. ಕೊನೆಗೆ ಸಿಕ್ಕಿದ್ದು ರಾತ್ರಿ ಬಸ್ಸಿನ ಹಿಂದಿನ ಸೀಟು.

ಬೆಳಗ್ಗೆ ಎಂಟರ ಹೊತ್ತಿಗೆ ಮನೆ ಮುಟ್ಟಿದೆ. ಮುತ್ಯಾ ಕಣ್ಣು ಬಿಟ್ಟು, "ಇಮಾನದಾಗ ಬಂದ್ಯಾ?" ಅಂದ. ಹೂಂ ಅಂದೆ. ಅವತ್ತು ಮಧ್ಯಾಹ್ನ, ನಾನು ಹತ್ತದ ಆ ವಿಮಾನ ಬೆಂಗಳೂರು ಬಿಡುವ ಹೊತ್ತಿಗೆ, ಅವನ ಉಸಿರು ನಿಂತಿತ್ತು.